ಲಾರ್ಜ್ ಫಾರ್ಮ್ಯಾಟ್ ಫಿಲ್ಮ್ ಕ್ಯಾಮೆರಾಗೆ ಲೆನ್ಸ್ ಆರಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು ಮತ್ತು ಮಂಡ್ಯ ಭಾಗದಲ್ಲಿ 4×5 ಇಂಚಿನ ಶೀಟ್ ಫಿಲ್ಮ್ ಕ್ಯಾಮೆರಾ ಕೊಂಡವರು ಅಥವಾ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಯಾವ ಕಂಪನಿಯ ಲೆನ್ಸ್ ಒಳ್ಳೆಯದು ಎಂಬ ಪ್ರಶ್ನೆಯಿಂದಲೇ ಎಲ್ಲರೂ ಆರಂಭಿಸುತ್ತಾರೆ. ಆದರೆ ಆಯ್ಕೆಯನ್ನು ನಿಜವಾಗಿ ತೀರ್ಮಾನಿಸುವುದು ನಿಮ್ಮ ಕ್ಯಾಮೆರಾದ ಬೆಲ್ಲೋಸ್ (ಲೆನ್ಸಿಗೂ ಫಿಲ್ಮಿಗೂ ನಡುವಿನ, ಹಿಗ್ಗಿ ಕುಗ್ಗುವ ಮಡಿಕೆಗಳ ತಿದಿ) ಎಷ್ಟು ಉದ್ದ ಚಾಚುತ್ತದೆ, ಲೆನ್ಸ್ ಎಷ್ಟು ಅಗಲದ ಬಿಂಬವನ್ನು ಕೊಡುತ್ತದೆ ಮತ್ತು ನೀವು ಚಿತ್ರ ತೆಗೆಯುವ ಜಾಗದಲ್ಲಿ ಎಷ್ಟು ಹಿಂದೆ ಸರಿಯಲು ಸಾಧ್ಯ ಎಂಬ ಮೂರು ಸಂಗತಿಗಳು. ಆದ್ದರಿಂದ ಉತ್ತರಗಳ ಹೆಚ್ಚಿನ ಭಾಗವನ್ನು ಅವಕ್ಕೇ ಮೀಸಲಿಡಲಾಗಿದೆ.

ಮೊದಲ ಲೆನ್ಸ್ ಯಾವ ಫೋಕಲ್ ಲೆಂತ್‌ನದ್ದಾಗಿರಬೇಕು?

4×5 ಶೀಟಿನ ಅಂಚುಗಳು ಫಿಲ್ಮ್ ಹೋಲ್ಡರಿನೊಳಗೆ ಮುಚ್ಚಿಹೋಗುವುದರಿಂದ ಚಿತ್ರ ಮೂಡುವ ಜಾಗ ಸುಮಾರು 95×120 ಮಿ.ಮೀ. ಮಾತ್ರ. ಅದರ ಕರ್ಣ ಸುಮಾರು 153 ಮಿ.ಮೀ. ಆಗುತ್ತದೆ. ಕರ್ಣದಷ್ಟೇ ಫೋಕಲ್ ಲೆಂತ್ (ಸಾಮಾನ್ಯ ಲೆನ್ಸಿನಲ್ಲಿ, ದೂರದ ದೃಶ್ಯ ಚೂಪಾಗಿ ಮೂಡಲು ಲೆನ್ಸಿನಿಂದ ಫಿಲ್ಮಿಗೆ ಬೇಕಾದ ಅಂತರ) ಇರುವ ಲೆನ್ಸನ್ನು ನಾರ್ಮಲ್ ಲೆನ್ಸ್ ಎನ್ನುವುದು ರೂಢಿಯಾದ್ದರಿಂದ ಈ ಅಳತೆಗೆ 150 ಮಿ.ಮೀ. ನಾರ್ಮಲ್ ಆಗುತ್ತದೆ. 8×10 ಇಂಚಿನ ಕ್ಯಾಮೆರಾದಲ್ಲಿ ಅದೇ ಸ್ಥಾನ 300 ಮಿ.ಮೀ. ಲೆನ್ಸಿನದು.

ಕಟ್ಟಡ ಮತ್ತು ಭೂದೃಶ್ಯಗಳ ಕಡೆ ಒಲವಿರುವವರು 150 ಮಿ.ಮೀ. ಲೆನ್ಸನ್ನೂ, ವ್ಯಕ್ತಿಚಿತ್ರ ಮತ್ತು ಶಿಲ್ಪಗಳ ಕಡೆ ಒಲವಿರುವವರು 210 ಮಿ.ಮೀ. ಲೆನ್ಸನ್ನೂ ಮೊದಲು ಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. 35 ಮಿ.ಮೀ. ಫಿಲ್ಮಿನ ಲೆಕ್ಕಕ್ಕೆ ಹೊಂದಿಸಿಕೊಳ್ಳಬೇಕೆಂದರೆ ಈ ಸಂಖ್ಯೆಗಳನ್ನು ಮೂರೂವರೆಯಿಂದ ಭಾಗಿಸಿ. ಆಗ 90 ಮಿ.ಮೀ. ಲೆನ್ಸ್ ಸುಮಾರು 26ಕ್ಕೆ, 150 ಸುಮಾರು 43ಕ್ಕೆ, 210 ಸುಮಾರು 60ಕ್ಕೆ, 300 ಸುಮಾರು 85ಕ್ಕೆ ಸಮನಾಗುತ್ತವೆ. 4×5ರ ಚೌಕಟ್ಟು 35 ಮಿ.ಮೀ. ಚೌಕಟ್ಟಿಗಿಂತ ಹೆಚ್ಚು ಚೌಕವಾಗಿರುವುದರಿಂದ ಈ ಹೋಲಿಕೆ ಸ್ಥೂಲವಾದದ್ದೇ. ಆದರೂ ನಿಮ್ಮ ಹಳೆಯ ಕ್ಯಾಮೆರಾದಲ್ಲಿ ಯಾವ ಲೆನ್ಸ್ ಹೆಚ್ಚು ಹೊತ್ತು ಕೂತಿರುತ್ತಿತ್ತು ಎಂಬುದನ್ನು ನೆನಪಿಸಿಕೊಂಡರೆ, ಯಾವುದರಿಂದ ಆರಂಭಿಸಬೇಕು ಎಂಬುದು ಬಹುಮಟ್ಟಿಗೆ ಅಲ್ಲೇ ತಿಳಿಯುತ್ತದೆ.

ಇಮೇಜ್ ಸರ್ಕಲ್ ಎಂದರೇನು? ಅದಕ್ಕೆ ಅಷ್ಟೊಂದು ಮಹತ್ವ ಏಕೆ?

ಯಾವುದೇ ಲೆನ್ಸ್ ಬೆಳಕನ್ನು ವೃತ್ತಾಕಾರವಾಗಿ ಚೆಲ್ಲುತ್ತದೆ. ಚಿತ್ರ ಚೂಪಾಗಿ ಮೂಡುವ ಆ ವೃತ್ತದ ವ್ಯಾಸವೇ ಇಮೇಜ್ ಸರ್ಕಲ್. ಫಿಲ್ಮಿನ ನಾಲ್ಕು ಮೂಲೆಗಳೂ ಅದರೊಳಗೆ ಇರಬೇಕು. ಚಿಕ್ಕ ಕ್ಯಾಮೆರಾಗಳಲ್ಲಿ ತಯಾರಕರೇ ಇದನ್ನು ಹೊಂದಿಸಿ ಕೊಟ್ಟಿರುವುದರಿಂದ ಅಲ್ಲಿಂದ ಬಂದವರಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ. ಇಲ್ಲಿ ಹಾಗಲ್ಲ. ಲೆನ್ಸನ್ನು ಮೇಲಕ್ಕೆ, ಕೆಳಕ್ಕೆ, ಪಕ್ಕಕ್ಕೆ ಸರಿಸುವುದಕ್ಕಾಗಿಯೇ ಈ ಕ್ಯಾಮೆರಾ ಇರುವುದು. ಸರಿಸಿದಾಗ ವೃತ್ತವೂ ಲೆನ್ಸಿನ ಜೊತೆಗೆ ಸರಿಯುತ್ತದೆ, ಫಿಲ್ಮ್ ಮಾತ್ರ ಇದ್ದಲ್ಲೇ ಇರುತ್ತದೆ. ವೃತ್ತ ಫಿಲ್ಮಿಗಿಂತ ಸಾಕಷ್ಟು ದೊಡ್ಡದಾಗಿರದಿದ್ದರೆ ಮೂಲೆಗಳು ಮೊದಲು ಮಸುಕಾಗಿ, ಆಮೇಲೆ ಕಪ್ಪಾಗುತ್ತವೆ.

ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಅವಳಿ ಗೋಪುರಗಳ ಎತ್ತರ 175 ಅಡಿ, ಎಂದರೆ ಸುಮಾರು 53 ಮೀಟರ್. 60 ಮೀಟರ್ ದೂರದಲ್ಲಿ 90 ಮಿ.ಮೀ. ಲೆನ್ಸಿನೊಂದಿಗೆ ಕ್ಯಾಮೆರಾವನ್ನು ಮಟ್ಟವಾಗಿ, ಫಿಲ್ಮನ್ನು ಉದ್ದಕ್ಕೆ ನಿಲ್ಲಿಸಿದ್ದೇವೆ ಎಂದುಕೊಳ್ಳಿ. ಕ್ಯಾಮೆರಾದ ಎತ್ತರವನ್ನು ಕಳೆದು ಲೆಕ್ಕ ಹಾಕಿದರೆ, ದಿಗಂತದ ರೇಖೆಯಿಂದ ಶಿಲುಬೆಯ ತುದಿಯವರೆಗಿನ ಬಿಂಬ ಫಿಲ್ಮಿನ ಮೇಲೆ ಸುಮಾರು 78 ಮಿ.ಮೀ. ಉದ್ದ ಬರುತ್ತದೆ. ಮಧ್ಯದಿಂದ ಅಂಚಿನವರೆಗೆ ಫಿಲ್ಮಿನಲ್ಲಿರುವುದು 60 ಮಿ.ಮೀ. ಮಾತ್ರ, ಆದ್ದರಿಂದ ತುದಿ ಕತ್ತರಿಸಿ ಹೋಗುತ್ತದೆ. ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿದರೆ ಗೋಪುರಗಳು ಒಂದರ ಕಡೆಗೊಂದು ವಾಲಿದಂತೆ ಕಾಣುತ್ತವೆ. ಓರೆ ಮಾಡದೆ, ಮುಂಭಾಗದ ಲೆನ್ಸನ್ನು 25 ಮಿ.ಮೀ. ಮೇಲಕ್ಕೆ ಎತ್ತಿದರೆ ಗೋಪುರ ನೆಟ್ಟಗೆ ನಿಲ್ಲುತ್ತದೆ, ಮೇಲೆ ಸ್ವಲ್ಪ ಆಕಾಶವೂ ಸಿಗುತ್ತದೆ.

ಈ 25 ಮಿ.ಮೀ. ಎತ್ತಲು ಲೆನ್ಸ್ ಒಪ್ಪುತ್ತದೆಯೇ ಎಂಬುದೇ ಮುಖ್ಯ ಪ್ರಶ್ನೆ. ಎಫ್/ ಸಂಖ್ಯೆ ಲೆನ್ಸಿನ ಅಪರ್ಚರಿನ, ಎಂದರೆ ಬೆಳಕು ಹಾಯುವ ಕಿಂಡಿಯ ಅಳತೆ; ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಷ್ನೈಡರ್ ಕಂಪನಿಯ 90 ಮಿ.ಮೀ. ಎಫ್/8 ಸೂಪರ್ ಆಂಗ್ಯುಲಾನಿನ ಇಮೇಜ್ ಸರ್ಕಲ್ 216 ಮಿ.ಮೀ.; ಉದ್ದಕ್ಕೆ ನಿಲ್ಲಿಸಿದ 4×5 ಫಿಲ್ಮಿನ ಮೇಲೆ ಅದನ್ನು ಸುಮಾರು 37 ಮಿ.ಮೀ.ವರೆಗೆ ಎತ್ತಬಹುದು. ಅದೇ ಫೋಕಲ್ ಲೆಂತ್‌ನ, ಅದೇ ಕಂಪನಿಯ ಹಳೆಯ ಆಂಗ್ಯುಲಾನ್ ಎಫ್/6.8ರ ವೃತ್ತ ಸುಮಾರು 154 ಮಿ.ಮೀ., ಎಂದರೆ ಫಿಲ್ಮಿನ ಮೂಲೆಗಳನ್ನು ಮುಟ್ಟುವಷ್ಟು ಮಾತ್ರ. ಅದನ್ನು ಎತ್ತಲು ಹೋದರೆ ಒಂದು ಮಿಲಿಮೀಟರೂ ಸಿಗುವುದಿಲ್ಲ. ಎರಡರ ಹೆಸರೂ ಹೆಚ್ಚು ಕಡಿಮೆ ಒಂದೇ ಆಗಿರುವುದರಿಂದ ಮಾರಾಟದ ಜಾಹೀರಾತನ್ನು ಎಚ್ಚರದಿಂದ ಓದಬೇಕು. ಆಂಗ್ಯುಲಾನ್ ಕೆಟ್ಟ ಲೆನ್ಸಲ್ಲ; ಬೆಟ್ಟ ಹತ್ತುವವರಿಗೆ, ಜೇಬಿನಲ್ಲಿ ಹಿಡಿಸುವ ಪುಟ್ಟ ಲೆನ್ಸ್ ಬೇಕಾದವರಿಗೆ ಅದು ತುಂಬ ಅನುಕೂಲ. ಚರ್ಚು, ಗೋಪುರ, ಅರಮನೆಗಳ ಮುಂದೆ ನಿಲ್ಲುವವರಿಗೆ ಮಾತ್ರ ಅದು ಒದಗುವುದಿಲ್ಲ.

ತಯಾರಕರು ಪ್ರಕಟಿಸುವ ಇಮೇಜ್ ಸರ್ಕಲ್ ಸಾಮಾನ್ಯವಾಗಿ ಎಫ್/22ರಲ್ಲಿ, ಅನಂತ ದೂರಕ್ಕೆ ಫೋಕಸ್ ಮಾಡಿದಾಗಿನ ಅಳತೆ. ಅಪರ್ಚರ್ ತೆರೆದಷ್ಟೂ ಅದು ಕುಗ್ಗುತ್ತದೆ, ವಸ್ತುವಿಗೆ ಹತ್ತಿರ ಹೋದಷ್ಟೂ ಹಿಗ್ಗುತ್ತದೆ.

ಚರ್ಚಿಗೆ 150 ಮಿ.ಮೀ. ಸಾಲುವುದಿಲ್ಲವೇ?

100 ಮೀಟರ್ ದೂರದಿಂದ ಮರ, ತಂತಿ, ವಾಹನಗಳ ಅಡ್ಡಿಯಿಲ್ಲದೆ ಕಾಣುವ ಜಾಗ ಸಿಕ್ಕರೆ ಖಂಡಿತ ಸಾಲುತ್ತದೆ. ಆಗ ಬಿಂಬದ ಎತ್ತರ ಮತ್ತೆ 78 ಮಿ.ಮೀ. ಆಸುಪಾಸಿಗೇ ಬರುತ್ತದೆ. ಸಿಮ್ಮಾರ್-ಎಸ್ ಅಥವಾ ನಿಕ್ಕೋರ್-ಡಬ್ಲ್ಯೂ ಬಗೆಯ 150 ಮಿ.ಮೀ. ಲೆನ್ಸುಗಳ ವೃತ್ತ 210 ಮಿ.ಮೀ. ಆದ್ದರಿಂದ 33 ಮಿ.ಮೀ.ವರೆಗೆ ಎತ್ತಲು ಅವಕಾಶವಿದೆ. ಅಂಬಾವಿಲಾಸ ಅರಮನೆಯ ವಿಷಯದಲ್ಲಿ 150 ಮಿ.ಮೀ. ಇನ್ನೂ ಸುಲಭ. 245 ಅಡಿ ಉದ್ದದ ಮುಂಭಾಗವನ್ನು 120 ಮೀಟರ್ ದೂರದಿಂದ ನೋಡಿದರೆ, ಅಡ್ಡ ಹಿಡಿದ ಫಿಲ್ಮಿನ 120 ಮಿ.ಮೀ.ಯಲ್ಲಿ ಅದು ಸುಮಾರು 93 ಮಿ.ಮೀ. ತುಂಬುತ್ತದೆ. ಅಲ್ಲಿನ ವಿಶಾಲ ಅಂಗಳದಲ್ಲಿ ಹಿಂದೆ ಸರಿಯಲು ಜಾಗವೂ ಇದೆ.

ಸೋಮನಾಥಪುರದ ಕೇಶವ ದೇವಾಲಯದ ಸ್ಥಿತಿ ಇದಕ್ಕೆ ವಿರುದ್ಧ. 1268ರ ಈ ತ್ರಿಕೂಟಾಚಲವನ್ನು ಸುತ್ತುವರಿದ ಕೈಸಾಲೆಯ (ಕಂಬಗಳ ಮೊಗಸಾಲೆಯ) ಆಚೆಗೆ ಹಿಂದೆ ಸರಿಯುವಂತಿಲ್ಲ. ಮೂರೂ ಶಿಖರಗಳು ಬಿಡಿಯಾಗಿ ಕಾಣುವ ಹಿಂಬದಿಯ ಮೂಲೆಗಳಲ್ಲಿ ನಿಂತರೆ 90 ಮಿ.ಮೀ. ಲೆನ್ಸೇ ಬೇಕಾಗುತ್ತದೆ. ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮುಂಚಿತವಾಗಿ ಅನುಮತಿ ಪಡೆಯಬೇಕು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಟ್ರೈಪಾಡ್ ಇಲ್ಲದೆ ಈ ಕ್ಯಾಮೆರಾಗಳ ಕೆಲಸ ನಡೆಯುವುದಿಲ್ಲ.

90 ಮಿ.ಮೀ.ಯಲ್ಲಿ ಎಫ್/8 ಕೊಳ್ಳಬೇಕೇ, ಎಫ್/4.5 ಅಥವಾ ಎಫ್/5.6 ಕೊಳ್ಳಬೇಕೇ?

ಚಿತ್ರ ತೆಗೆಯುವುದು ಹೇಗಿದ್ದರೂ ಎಫ್/22ರಲ್ಲಿ. ದೊಡ್ಡ ಅಪರ್ಚರ್ ಬೇಕಾಗುವುದು ಕ್ಯಾಮೆರಾದ ಹಿಂಬದಿಯ ಮಸುಕು ಗಾಜಾದ ಗ್ರೌಂಡ್ ಗ್ಲಾಸಿನ ಮೇಲೆ ಬಿಂಬವನ್ನು ನೋಡಿ ಫೋಕಸ್ ಮಾಡಲು ಮಾತ್ರ. ಬಯಲಿನ ಬೆಳಕಿನಲ್ಲಿ ಎಫ್/8 ಸಾಕಾಗುತ್ತದೆ. ಹೊಯ್ಸಳ ದೇವಾಲಯದ ನವರಂಗದಂತಹ ಮಬ್ಬು ಜಾಗದಲ್ಲಿ ಎಫ್/8 ಲೆನ್ಸಿನ ಬಿಂಬ, ಅದರಲ್ಲೂ ಮೂಲೆಗಳಲ್ಲಿ, ಕಪ್ಪು ಬಟ್ಟೆಯೊಳಗೂ ಕಾಣುವುದೇ ಕಷ್ಟ, ಎಫ್/4.5 ಅಲ್ಲಿ ಮೂರು ಪಟ್ಟಿಗೂ ಹೆಚ್ಚು ಬೆಳಕು ಕೊಡುತ್ತದೆ. ಅದಕ್ಕೆ ತೆರುವ ಬೆಲೆ ತೂಕ ಮತ್ತು ಗಾತ್ರ. ನಿಕ್ಕೋರ್ 90 ಮಿ.ಮೀ. ಎಫ್/8ಕ್ಕೆ 67 ಮಿ.ಮೀ. ಫಿಲ್ಟರ್ ಸಾಕು, ಎಫ್/4.5ಕ್ಕೆ 82 ಮಿ.ಮೀ. ಬೇಕು. ಇಮೇಜ್ ಸರ್ಕಲ್ ಎರಡರದೂ 235 ಮಿ.ಮೀ. ಆದ್ದರಿಂದ ಹೊರಾಂಗಣದಲ್ಲಿ ಕೆಲಸ ಮಾಡುವವರಿಗೆ ಎಫ್/8 ನಿಕ್ಕೋರ್ ಅತ್ಯಂತ ಸಮಂಜಸವಾದ ಆಯ್ಕೆ ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

90 ಮಿ.ಮೀ. ಮತ್ತು ಅದಕ್ಕಿಂತ ಕಡಿಮೆ ಫೋಕಲ್ ಲೆಂತ್‌ನ ಲೆನ್ಸುಗಳಲ್ಲಿ ಮಧ್ಯಕ್ಕಿಂತ ಮೂಲೆಗಳಿಗೆ ಬೆಳಕು ಕಡಿಮೆ ಬೀಳುತ್ತದೆ. ಲೆನ್ಸನ್ನು ಸರಿಸದಿದ್ದಾಗಲೂ ಈ ವ್ಯತ್ಯಾಸ 90 ಮಿ.ಮೀ.ಯಲ್ಲಿ ಒಂದು ಸ್ಟಾಪಿಗಿಂತ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು ಅಥವಾ ಇಮ್ಮಡಿಯಾಗುವುದು) ಹೆಚ್ಚು. ಎತ್ತಿದರೆ ಇನ್ನೂ ಹೆಚ್ಚುತ್ತದೆ. ಕಪ್ಪು ಬಿಳುಪು ಫಿಲ್ಮಿನಲ್ಲಿ ಪ್ರಿಂಟ್ ಮಾಡುವಾಗ ಇದನ್ನು ಸರಿದೂಗಿಸಬಹುದು. ಸ್ಲೈಡ್ ಫಿಲ್ಮ್ ಬಳಸುವವರು ಮಧ್ಯಭಾಗ ಗಾಢವಾಗಿರುವ ಸೆಂಟರ್ ಫಿಲ್ಟರನ್ನು ಹಾಕಿಕೊಳ್ಳುವುದು ಲೇಸು.

300 ಮಿ.ಮೀ. ಲೆನ್ಸ್ ಬೇಕೆನಿಸುತ್ತಿದೆ. ನನ್ನ ಕ್ಯಾಮೆರಾಗೆ ಆದೀತೇ?

ಮೊದಲು ಅಳತೆಪಟ್ಟಿ ತೆಗೆದುಕೊಂಡು, ಬೆಲ್ಲೋಸನ್ನು ಪೂರ್ತಿ ಚಾಚಿ, ಲೆನ್ಸ್ ಬೋರ್ಡಿನಿಂದ ಗ್ರೌಂಡ್ ಗ್ಲಾಸಿನವರೆಗೆ ಅಳೆಯಿರಿ. ಸಾಮಾನ್ಯ ಲೆನ್ಸಿಗೆ ಅನಂತ ದೂರದ ಫೋಕಸ್‌ಗೆ ಫೋಕಲ್ ಲೆಂತ್‌ನಷ್ಟು ಉದ್ದ ಬೇಕು, ಹತ್ತಿರದ ವಸ್ತುವಿಗೆ ಅದಕ್ಕಿಂತ ಹೆಚ್ಚು ಬೇಕು. 300 ಮಿ.ಮೀ.ವರೆಗೆ ಮಾತ್ರ ಚಾಚುವ ಕ್ಯಾಮೆರಾದಲ್ಲಿ 300 ಮಿ.ಮೀ. ಲೆನ್ಸ್ ಅನಂತದಲ್ಲಷ್ಟೇ ನಿಲ್ಲುತ್ತದೆ. ಅದೇ ಕ್ಯಾಮೆರಾದಲ್ಲಿ 240 ಮಿ.ಮೀ. ಲೆನ್ಸ್ 1.2 ಮೀಟರ್‌ವರೆಗೆ, 210 ಮಿ.ಮೀ. ಲೆನ್ಸ್ 70 ಸೆಂಟಿಮೀಟರ್‌ವರೆಗೆ ಹತ್ತಿರ ಬರಬಲ್ಲದು. ಬೆಲ್ಲೋಸ್ 330 ಮಿ.ಮೀ. ಚಾಚಿದರೆ 300ರ ಲೆನ್ಸಿಗೆ 3.3 ಮೀಟರ್‌ವರೆಗೆ ಫೋಕಸ್ ಸಿಗುತ್ತದೆ.

ಮೇಲುಕೋಟೆಯ ಕಲ್ಯಾಣಿಯ ಬಳಿಯಿಂದ ಬೆಟ್ಟದ ಮೇಲಿನ ಯೋಗಾನರಸಿಂಹ ದೇವಾಲಯವನ್ನೋ, ಮಳವಳ್ಳಿ ಕಡೆಯ ವೀಕ್ಷಣಾ ಸ್ಥಳದಿಂದ ಗಗನಚುಕ್ಕಿಯನ್ನೋ ತೆಗೆಯುವವರಿಗೆ ಅನಂತದ ಫೋಕಸ್ ಸಾಕು. ಅಂಥವರಿಗೆ ನಿಕ್ಕೋರ್-ಎಂ 300 ಮಿ.ಮೀ. ಎಫ್/9ನಂತಹ ಚಿಕ್ಕ, ಹಗುರ ಲೆನ್ಸ್ ತಕ್ಕದ್ದು. ಅದು ಕೋಪಾಲ್ 1 ಎಂಬ ಮಧ್ಯಮ ಗಾತ್ರದ ಶಟರಿನಲ್ಲೇ ಕೂರುತ್ತದೆ, 52 ಮಿ.ಮೀ. ಫಿಲ್ಟರ್ ಸಾಕು, ಇಮೇಜ್ ಸರ್ಕಲ್ 325 ಮಿ.ಮೀ. ಬೆಲ್ಲೋಸ್ ಇನ್ನೂ ಚಿಕ್ಕದಾಗಿದ್ದರೆ ಫುಜಿನಾನ್-ಎ 240 ಮಿ.ಮೀ. ಎಫ್/9 ಹೆಚ್ಚು ಒಗ್ಗುತ್ತದೆ.

ಟೆಲಿಫೋಟೊ ವಿನ್ಯಾಸದ ಲೆನ್ಸುಗಳು ಕಡಿಮೆ ಬೆಲ್ಲೋಸಿನಲ್ಲೇ ಕೆಲಸ ಮಾಡುತ್ತವೆ. ನಿಕ್ಕೋರ್-ಟಿ 360 ಮಿ.ಮೀ.ಗೆ ಅನಂತದಲ್ಲಿ ಸುಮಾರು 260 ಮಿ.ಮೀ. ಸಾಕು. ಆದರೆ ಅವುಗಳನ್ನು ಟಿಲ್ಟ್ ಮಾಡಿದಾಗ, ಎಂದರೆ ಮುಂದಕ್ಕೋ ಹಿಂದಕ್ಕೋ ವಾಲಿಸಿದಾಗ, ಬಿಂಬ ತುಂಬ ಜಾರುವುದರಿಂದ, ಪ್ರತಿ ಸಲ ಚೌಕಟ್ಟನ್ನು ಮತ್ತೆ ಹೊಂದಿಸಬೇಕಾಗುತ್ತದೆ.

ಶಿಲ್ಪಗಳನ್ನು ಹತ್ತಿರದಿಂದ ತೆಗೆಯಲು ಯಾವ ಲೆನ್ಸ್?

210 ಮಿ.ಮೀ. ಸೋಮನಾಥಪುರದ ಹೊರಗೋಡೆಯಲ್ಲಿ ಶಿಲ್ಪಿ ಮಲ್ಲಿತಮ್ಮನ ಹೆಸರು ಕೊರೆದ ಮೂರ್ತಿಗಳಿವೆ. ಅಂತಹ ಮೂರ್ತಿಯ ಸುಮಾರು 48 ಸೆಂಟಿಮೀಟರ್ ಎತ್ತರದ ಭಾಗವನ್ನು ಫಿಲ್ಮ್ ತುಂಬ ತೆಗೆಯಬೇಕೆಂದರೆ, ಬಿಂಬ ವಸ್ತುವಿನ ನಾಲ್ಕನೇ ಒಂದರಷ್ಟಿರಬೇಕು. ಆಗ ಬೆಲ್ಲೋಸ್ 210ರ ಮೇಲೆ ಕಾಲುಭಾಗ ಹೆಚ್ಚು, ಎಂದರೆ ಸುಮಾರು 262 ಮಿ.ಮೀ. ಚಾಚಬೇಕು. ಬೆಲ್ಲೋಸಿನ ಉದ್ದವನ್ನು ಫೋಕಲ್ ಲೆಂತ್‌ನಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿದರೆ ಎಕ್ಸ್‌ಪೋಷರ್ ಎಷ್ಟು ಪಟ್ಟು ಹೆಚ್ಚಿಸಬೇಕು ಎಂಬುದು ತಿಳಿಯುತ್ತದೆ. ಇಲ್ಲಿ ಅದು 1.56 ಪಟ್ಟು, ಎಂದರೆ ಮೂರನೇ ಎರಡು ಸ್ಟಾಪ್. ಅರ್ಧದಷ್ಟು ಗಾತ್ರಕ್ಕೆ 315 ಮಿ.ಮೀ. ಬೆಲ್ಲೋಸೂ 2.25 ಪಟ್ಟು ಬೆಳಕೂ ಬೇಕಾಗುತ್ತವೆ. ಇದೇ ಕೆಲಸವನ್ನು 150 ಮಿ.ಮೀ.ಯಲ್ಲಿ ಮಾಡಿದರೆ ಬೆಲ್ಲೋಸ್ ಉಳಿಯುತ್ತದೆ ನಿಜ, ಆದರೆ ಲೆನ್ಸ್ ಕಲ್ಲಿಗೆ ತೀರ ಹತ್ತಿರವಾಗಿ ಕ್ಯಾಮೆರಾದ ನೆರಳೇ ಮೂರ್ತಿಯ ಮೇಲೆ ಬೀಳುವ ಸಂಭವವಿರುತ್ತದೆ.

ಗದ್ದೆ, ಕಬ್ಬಿನ ಬಯಲುಗಳಲ್ಲಿ ಹತ್ತಿರದಿಂದ ದೂರದವರೆಗೆ ಚೂಪಾಗಿ ಬರಲು ಲೆನ್ಸಿನಲ್ಲಿ ಏನು ನೋಡಬೇಕು?

ಮಂಡ್ಯದ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಬಯಲಿನಲ್ಲಿ, ಕಾಲಬುಡದ ಪೈರಿನಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟವಾಗಿ ಕಾಣಬೇಕೆಂದು ಬಯಸುವುದು ಸಹಜ. ಬರಿಯ ಅಪರ್ಚರ್ ಮುಚ್ಚಿ ಸಾಧಿಸಲು ಹೊರಟರೆ, 150 ಮಿ.ಮೀ. ಲೆನ್ಸನ್ನು ಎಫ್/22ರಲ್ಲಿ ಸುಮಾರು 10 ಮೀಟರ್‌ಗೆ ಫೋಕಸ್ ಮಾಡಿದಾಗ 5 ಮೀಟರ್‌ನಿಂದ ಆಚೆಗೆ ಮಾತ್ರ ಚೂಪಾಗಿರುತ್ತದೆ. ಅದೇ ಲೆಕ್ಕದಲ್ಲಿ 210 ಮಿ.ಮೀ.ಯಲ್ಲಿ ಹತ್ತಿರದ ಮಿತಿ 10 ಮೀಟರ್‌ಗೆ ಹೋಗುತ್ತದೆ.

ಇಲ್ಲಿ ನೆರವಾಗುವುದು ಟಿಲ್ಟ್. ಆಸ್ಟ್ರಿಯಾದ ಥಿಯೊಡೋರ್ ಶೈಂಪ್‌ಫ್ಲೂಗ್ 1904ರಲ್ಲಿ ವಿವರಿಸಿದ ನಿಯಮದಂತೆ, ಲೆನ್ಸಿನ ಸಮತಲ, ಫಿಲ್ಮಿನ ಸಮತಲ, ವಸ್ತುವಿನ ಸಮತಲ ಈ ಮೂರೂ ಒಂದೇ ರೇಖೆಯಲ್ಲಿ ಸಂಧಿಸಿದರೆ ಆ ಇಡೀ ನೆಲ ಫೋಕಸ್‌ನಲ್ಲಿರುತ್ತದೆ. ಲೆನ್ಸ್ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ 90 ಮಿ.ಮೀ.ಗೆ ಸುಮಾರು 3.5 ಡಿಗ್ರಿ, 150 ಮಿ.ಮೀ.ಗೆ ಸುಮಾರು 5.7 ಡಿಗ್ರಿ, 300 ಮಿ.ಮೀ.ಗೆ ಸುಮಾರು 11.5 ಡಿಗ್ರಿ ಟಿಲ್ಟ್ ಬೇಕು. ಟಿಲ್ಟ್ ಮಾಡಿದಾಗಲೂ ವೃತ್ತ ಸರಿಯುತ್ತದೆ: 150ರಲ್ಲಿ ಸುಮಾರು 15 ಮಿ.ಮೀ., 300ರಲ್ಲಿ ಸುಮಾರು 61 ಮಿ.ಮೀ. ಆದ್ದರಿಂದ ಬಯಲುಗಳಿಗಾಗಿ ಉದ್ದ ಲೆನ್ಸ್ ಕೊಳ್ಳುವವರು ಅದರ ಇಮೇಜ್ ಸರ್ಕಲ್ ಎಷ್ಟೆಂದು ಕೇಳಿಯೇ ಕೊಳ್ಳಬೇಕು. ಕಬ್ಬು ಆಳೆತ್ತರ ಬೆಳೆದ ಮೇಲೆ ಟಿಲ್ಟ್ ಅಷ್ಟಾಗಿ ಪ್ರಯೋಜನಕ್ಕೆ ಬರುವುದಿಲ್ಲ. ನಾಟಿಯಾದ ಭತ್ತದ ಗದ್ದೆಯಂತಹ ಚಪ್ಪಟೆ ನೆಲಕ್ಕೇ ಅದು ಹೇಳಿಮಾಡಿಸಿದ್ದು.

ಷ್ನೈಡರ್, ರೋಡೆನ್‌ಸ್ಟಾಕ್, ನಿಕ್ಕೋರ್, ಫುಜಿನಾನ್: ಇವುಗಳಲ್ಲಿ ಯಾವುದು ಹೆಚ್ಚು ಚೂಪು?

1970ರ ದಶಕದ ನಂತರದ ಮಲ್ಟಿಕೋಟೆಡ್ ಲೆನ್ಸುಗಳಲ್ಲಿ, ಎಫ್/22ರಲ್ಲಿ, 16×20 ಇಂಚಿನ ಪ್ರಿಂಟಿನ ಮೇಲೆ ಈ ನಾಲ್ಕರ ನಡುವೆ ವ್ಯತ್ಯಾಸ ಗುರುತಿಸುವುದು ಕಷ್ಟ. ಹೆಸರಿಗಿಂತ ಲೆನ್ಸಿನ ಈಗಿನ ಸ್ಥಿತಿಗೆ ಹಣ ಕೊಡಿ. ಎಫ್/45, ಎಫ್/64ರವರೆಗೆ ಮುಚ್ಚಿದರೆ ಎಂಥ ಲೆನ್ಸಿನ ಚಿತ್ರವೂ ಬೆಳಕಿನ ವಿವರ್ತನೆಯಿಂದ ಮೃದುವಾಗುತ್ತದೆ.

ಶಟರಿನಲ್ಲಿ ಏನನ್ನು ಪರೀಕ್ಷಿಸಬೇಕು?

ಈ ಲೆನ್ಸುಗಳಲ್ಲಿ ಶಟರ್ ಕ್ಯಾಮೆರಾದಲ್ಲಿರದೆ ಲೆನ್ಸಿನ ಮಧ್ಯದಲ್ಲೇ ಇರುತ್ತದೆ. ಕೋಪಾಲ್ 0, 1, 3 ಎಂಬ ಮೂರು ಗಾತ್ರಗಳು ಹೆಚ್ಚು ಬಳಕೆಯಲ್ಲಿವೆ. ಅವುಗಳ ಗರಿಷ್ಠ ವೇಗ ಕ್ರಮವಾಗಿ 1/500, 1/400, 1/125 ಸೆಕೆಂಡ್. ಕೋಪಾಲ್ ಶಟರುಗಳು ಈಗ ಹೊಸದಾಗಿ ತಯಾರಾಗುತ್ತಿಲ್ಲವಾದ್ದರಿಂದ, ಸುಸ್ಥಿತಿಯಲ್ಲಿರುವ ಶಟರಿಗೆ ಗಾಜಿನಷ್ಟೇ ಬೆಲೆಯಿದೆ. ಹಳೆಯ ಕಾಂಪೂರ್ ಶಟರುಗಳಲ್ಲಿ ಒಳಗಿನ ಗ್ರೀಸು ಒಣಗಿ, ನಿಧಾನದ ವೇಗಗಳು ಮೊದಲು ಕೈಕೊಡುತ್ತವೆ. 1 ಸೆಕೆಂಡ್‌ನಿಂದ 1/15ರವರೆಗೆ ಒಂದೊಂದನ್ನೂ ಹಾರಿಸಿ, ಮೊಬೈಲಿನ ಸ್ಲೋ ಮೋಷನ್ ವೀಡಿಯೊದಲ್ಲಿ ನೋಡಿ. ನಮ್ಮ ಕೆಲಸ ಎಫ್/22ರಲ್ಲಿ ನಡೆಯುವುದರಿಂದ ಹೆಚ್ಚಾಗಿ ಬಳಕೆಯಾಗುವುದೂ ಈ ನಿಧಾನದ ವೇಗಗಳೇ. ಬ್ಲೇಡುಗಳ ಮೇಲೆ ಎಣ್ಣೆಯ ಹೊಳಪು ಕಂಡರೆ ಶಟರಿಗೆ ಸರ್ವಿಸ್ ಬೇಕೆಂದೇ ಅರ್ಥ. ವೇಗ ತಪ್ಪಿದ್ದರೂ ಪ್ರತಿ ಸಲ ಒಂದೇ ರೀತಿ ತಪ್ಪುತ್ತಿದ್ದರೆ, ನಿಜವಾದ ವೇಗಗಳನ್ನು ಚೀಟಿಯಲ್ಲಿ ಬರೆದು ಬೋರ್ಡಿನ ಹಿಂದೆ ಅಂಟಿಸಿಕೊಂಡು ಬಳಸಬಹುದು.

ಹಳೆಯ ಲೆನ್ಸಿನ ಗಾಜನ್ನು ಹೇಗೆ ನೋಡುವುದು?

ಶಟರನ್ನು ತೆರೆದಿಟ್ಟು, ಹಿಂದಿನಿಂದ ಟಾರ್ಚ್ ಹಾಯಿಸಿ ಓರೆಯಾಗಿ ನೋಡಿ. ಜೇಡರ ಬಲೆಯಂತಹ ಎಳೆಗಳು ಕಂಡರೆ ಅದು ಫಂಗಸ್. ಒಳಗೆಲ್ಲ ಮಂಜು ಕವಿದಂತಿದ್ದರೆ ಚಿತ್ರದ ಕಾಂಟ್ರಾಸ್ಟ್ ಕುಗ್ಗುತ್ತದೆ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಪಟ್ಟಿ ಕಂಡರೆ ಅಂಟಿಸಿದ ಗಾಜುಗಳು ಬಿಡುತ್ತಿವೆ ಎಂದು ತಿಳಿಯಬೇಕು. ಷ್ನೈಡರ್ ಲೆನ್ಸುಗಳ ಒಳ ಅಂಚಿನಲ್ಲಿ ಬಿಳಿ ಚುಕ್ಕೆಗಳು ಕಾಣುವುದುಂಟು. ಅದು ಒಳಗಿನ ಕಪ್ಪು ಬಣ್ಣ ಸಡಿಲಗೊಂಡದ್ದಷ್ಟೇ, ಚಿತ್ರಕ್ಕೆ ತೊಂದರೆಯಿಲ್ಲ. ಚೌಕಾಸಿಗೆ ಮಾತ್ರ ಒಳ್ಳೆಯ ಕಾರಣ. ಮುಂದಿನ ಗಾಜಿನ ಮೇಲಿನ ಒಂದೆರಡು ಗೀರುಗಳಿಗೂ ಹೆದರಬೇಕಿಲ್ಲ. ಮುಂದಿನ ಮತ್ತು ಹಿಂದಿನ ಭಾಗಗಳನ್ನು ಶಟರಿನಿಂದ ತಿರುಗಿಸಿ ಬಿಚ್ಚುವಾಗ, ನಡುವೆ ತೆಳುವಾದ ಲೋಹದ ಬಳೆಗಳಿದ್ದರೆ ಅವನ್ನು ಕಳೆಯಬೇಡಿ. ಗಾಜುಗಳ ನಡುವಿನ ಅಂತರ ಅವುಗಳಿಂದಲೇ ನಿರ್ಧಾರವಾಗುತ್ತದೆ.

ವಿದೇಶದಿಂದ ತರಿಸುವುದಾದರೆ ಸಾಗಣೆಯ ವೆಚ್ಚದ ಮೇಲೆ ಕಸ್ಟಮ್ಸ್ ಸುಂಕವನ್ನೂ ಸೇರಿಸಿ ಬೆಲೆ ಲೆಕ್ಕ ಹಾಕಿ, ಹಿಂದಿರುಗಿಸಲು ಅವಕಾಶವಿರುವ ಮಾರಾಟಗಾರರನ್ನೇ ಆರಿಸಿ.

ಮನೆಯಲ್ಲಿ ಹಳೆಯ ಸ್ಟುಡಿಯೊದ ಹಿತ್ತಾಳೆ ಲೆನ್ಸ್ ಇದೆ. ಅದನ್ನು ಬಳಸಬಹುದೇ?

ಬಳಸಬಹುದು, ಬಳಸಬೇಕು. ನಮ್ಮ ಕಡೆಯ ಹಳೆಯ ಸ್ಟುಡಿಯೊಗಳಲ್ಲಿ, ಕೇರಳದ ಆಲಪ್ಪುಳದಲ್ಲಿ ತಯಾರಾದ ವಾಗೀಶ್ವರಿಯಂತಹ ಮರದ ಫೀಲ್ಡ್ ಕ್ಯಾಮೆರಾಗಳ ಜೊತೆಗಿದ್ದ ಲೆನ್ಸುಗಳಲ್ಲಿ ಹಲವಕ್ಕೆ ಶಟರೇ ಇರುವುದಿಲ್ಲ. ಎಫ್/32ಕ್ಕೆ ಮುಚ್ಚಿ, ಕಡಿಮೆ ವೇಗದ ಫಿಲ್ಮ್ ಅಥವಾ ಫೋಟೊ ಪೇಪರನ್ನೇ ನೆಗೆಟಿವ್ ಆಗಿ ಬಳಸಿ, ಎಕ್ಸ್‌ಪೋಷರನ್ನು ಒಂದೆರಡು ಸೆಕೆಂಡಿಗೆ ತಂದುಕೊಂಡರೆ, ಲೆನ್ಸಿನ ಮುಚ್ಚಳವನ್ನು ಕೈಯಿಂದ ತೆಗೆದು ಹಾಕಿಯೇ ಚಿತ್ರ ತೆಗೆಯಬಹುದು. ಕೋಟಿಂಗ್ ಇಲ್ಲದ ಗಾಜಿಗೆ ಬಿಸಿಲು ನೇರವಾಗಿ ಬೀಳದಂತೆ ಹುಡ್ ಕಟ್ಟುವುದು ಅಗತ್ಯ.

ಹಳೆಯ ಮುದ್ರಣಾಲಯಗಳ ಪ್ರೋಸೆಸ್ ಕ್ಯಾಮೆರಾಗಳಿಂದ ಬಂದ ಜಿ-ಕ್ಲಾರಾನ್, ಅಪೊ-ರೋನಾರ್ ಲೆನ್ಸುಗಳು ಸಿಕ್ಕರೆ ಬಿಡಬೇಡಿ. ಮೂಲದ ಗಾತ್ರಕ್ಕೇ ನಕಲು ತೆಗೆಯಲು ರೂಪಿಸಿದ ಈ ಎಫ್/9 ಲೆನ್ಸುಗಳು ಎಫ್/22ರಲ್ಲಿ ದೂರದ ದೃಶ್ಯಗಳನ್ನೂ ಸೊಗಸಾಗಿ ಮೂಡಿಸುತ್ತವೆ.

ಅರಮನೆಯ ದೀಪಾಲಂಕಾರಕ್ಕೆ ವೇಗದ ಲೆನ್ಸ್ ಬೇಕೇ?

ಬೇಡ. ಭಾನುವಾರ ಮತ್ತು ರಜಾದಿನಗಳ ಸಂಜೆ ದೀಪಗಳು ಉರಿಯುವುದು ಸ್ವಲ್ಪ ಹೊತ್ತು ಮಾತ್ರ. ಆದ್ದರಿಂದ ಬೆಳಕಿರುವಾಗಲೇ ಚೌಕಟ್ಟು ಮತ್ತು ಫೋಕಸ್ ಹೊಂದಿಸಿ, ತಿರುಪುಗಳನ್ನು ಬಿಗಿ ಮಾಡಿ ಕಾಯಬೇಕು. ಹಾಗೆ ಮಾಡಿದರೆ ಎಫ್/5.6 ಲೆನ್ಸ್ ಧಾರಾಳವಾಗಿ ಸಾಲುತ್ತದೆ. ಎಕ್ಸ್‌ಪೋಷರ್ ಹಲವು ಸೆಕೆಂಡುಗಳಾಗುವುದರಿಂದ, ದೀರ್ಘ ಎಕ್ಸ್‌ಪೋಷರಿನಲ್ಲಿ ಫಿಲ್ಮಿನ ವೇಗ ಕುಗ್ಗುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಲೆನ್ಸ್ ಬೋರ್ಡ್ ಇಲ್ಲೇ ಮಾಡಿಸಬಹುದೇ?

ಮಾಡಿಸಬಹುದು. ಬಹಳಷ್ಟು ಫೀಲ್ಡ್ ಕ್ಯಾಮೆರಾಗಳು 96×99 ಮಿ.ಮೀ. ಅಳತೆಯ ಲಿನ್‌ಹಾಫ್ ಮಾದರಿಯ ಬೋರ್ಡನ್ನು ಬಳಸುತ್ತವೆ. ರಂಧ್ರ ಕೋಪಾಲ್ 0ಕ್ಕೆ ಸುಮಾರು 35, ಕೋಪಾಲ್ 1ಕ್ಕೆ ಸುಮಾರು 42, ಕೋಪಾಲ್ 3ಕ್ಕೆ ಸುಮಾರು 65 ಮಿ.ಮೀ. ಲೇತ್ ಕೆಲಸದವರಿಗೆ ಈ ಸಂಖ್ಯೆಗಳನ್ನು ಹೇಳುವ ಬದಲು ಶಟರನ್ನೇ ಒಯ್ದು, ವರ್ನಿಯರ್ ಕ್ಯಾಲಿಪರ್ಸಿನಿಂದ ಅಳೆಸಿ ಕೊರೆಸಿ. ಬೋರ್ಡಿನ ಒಳಮುಖಕ್ಕೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಸಬೇಕು. 90 ಮಿ.ಮೀ.ಗಿಂತ ಕಡಿಮೆಯ ಲೆನ್ಸುಗಳಿಗೆ ಬೆಲ್ಲೋಸ್ ತೀರ ಮಡಿಚಿಕೊಂಡು ಅಲುಗಾಡದಂತಾಗುವುದರಿಂದ, ಒಳಕ್ಕೆ ತಗ್ಗಿರುವ ಬೋರ್ಡ್ ಅಥವಾ ಚೀಲದಂತಹ ಬ್ಯಾಗ್ ಬೆಲ್ಲೋಸ್ ಬೇಕಾಗಬಹುದು.

ಮಳೆಗಾಲದಲ್ಲಿ ಲೆನ್ಸನ್ನು ಹೇಗೆ ಇಡಬೇಕು?

ಚರ್ಮದ ಕೇಸಿನಲ್ಲಿ ಇಡಬೇಡಿ, ಅದು ತೇವ ಹಿಡಿದಿಟ್ಟುಕೊಂಡು ಫಂಗಸ್ಸಿಗೆ ಆಸರೆಯಾಗುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿಟ್ಟು, ಹರಳುಗಳ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಗಗನಚುಕ್ಕಿಯ ತುಂತುರಿನಲ್ಲಿ ನೆನೆದ ಲೆನ್ಸನ್ನು ಒರೆಸಿದ ತಕ್ಷಣ ಡಬ್ಬಿಗೆ ಹಾಕದೆ, ಒಂದು ರಾತ್ರಿ ಫ್ಯಾನಿನ ಗಾಳಿಗೆ ಬಿಡಿ. ಶಟರನ್ನು ಕಾಕ್ ಮಾಡಿದ (ಹಾರಿಸಲು ಸ್ಪ್ರಿಂಗ್ ಬಿಗಿದ) ಸ್ಥಿತಿಯಲ್ಲಿ ಎತ್ತಿಡಬೇಡಿ, ತಿಂಗಳಿಗೊಮ್ಮೆಯಾದರೂ ಎಲ್ಲ ವೇಗಗಳಲ್ಲೂ ಹಾರಿಸಿ.